ಅಣ್ಣನ ಜೊತೆ ಬಾದಾಮಿಯ ಬಂಡೆದಾರಿ

ಕಳೆದ ವಾರ ಶಾಲೆಯ ಮಕ್ಕಳನ್ನು ಕಬಡ್ಡಿ ಪಂದ್ಯಕ್ಕೆ ಕರೆದುಕೊಂಡು ಹೋಗಿ ವಾಪಸು ಬರುವಾಗ ವ್ಯಾನು ಹಿನಕಲ್ಲಿನ ಆಚೆ ಕೆಟ್ಟು ನಿಂತಿತು. ಡ್ರೈವರು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ. ಮಕ್ಕಳು ಎಳನೀರಿನ ಗಾಡಿಯ ಸುತ್ತ ಸೇರಿಕೊಂಡರು. ನಾನು ಪಕ್ಕದ ಬಡಾವಣೆಯ ರಸ್ತೆಯಲ್ಲಿ ಸುಮ್ಮನೆ ನಡೆದೆ. ಒಂದು ಮಳೆ ಬಂದು ನಿಂತಿತ್ತು. ಯಾರೋ ಮನೆ ಕಟ್ಟಿಸಲು ರಸ್ತೆಗೆ ಸುರಿಸಿದ್ದ ಜಲ್ಲಿಪುಡಿ ನೆನೆದು ವಾಸನೆ ಎದ್ದಿತ್ತು. ಒದ್ದೆ ಕಲ್ಲಿನ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ನನ್ನ ಮೀನಖಂಡ ಬಿಗಿಯಿತು. ಕಾಲಿಗೆ ನೆನಪಾದ ಮೇಲೆ ತಲೆಗೆ ನೆನಪಾಯಿತು: ಈ ರಸ್ತೆ ಆಗ ಜಲ್ಲಿಯ ದಾರಿಯಾಗಿತ್ತು. ನಾನೂ ಅಣ್ಣನೂ ಇಲ್ಲೇ ಹಿಂದೆ ಮುಂದೆ ಕೂತು ಜೋಡಿ ಸೈಕಲ್ಲು ತುಳಿಯುತ್ತಿದ್ದದ್ದು.

ಆ ವರ್ಷದ ದಸರೆಯಿಂದ ಚಳಿಗಾಲದವರೆಗಿನ ಕಾಲ ನೆನೆದರೆ ನನಗೆ ಮೊದಲು ನೆನಪಾಗುವುದು ದಣಿವು. ಆಮೇಲೆ ಬಂಡೆ, ಕೋಟೆ, ಬಿಸಿಲು ಎಲ್ಲ.

ನಾವು ಇರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಕೆಳಗಿನ ಮನೆಯಲ್ಲಿ ಅಣ್ಣ ಶ್ರೀಕಂಠ ಮತ್ತು ಗಾಯತ್ರಿ ಅತ್ತಿಗೆ, ಮೇಲಿನ ಕೋಣೆಯಲ್ಲಿ ನಾನು. ಮದುವೆ ಬೇಡವೆಂದು ಕೂತವಳು ನಾನು; ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಅಣ್ಣ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕ. ನಮ್ಮ ಮನೆತನದಲ್ಲಿ ಮೂರು ತಲೆಮಾರು ಅರಮನೆಯ ಕಚೇರಿಯಲ್ಲಿ ಕಾಗದ ಬರೆದವರು. ಬಿಸಿಲಿಗೆ ಹೋಗಿ ಕೆಲಸ ಮಾಡಿದವರು ನಾವಿಬ್ಬರೇ ಎಂದು ಅಣ್ಣ ಜಂಬ ಕೊಚ್ಚುತ್ತಿದ್ದ.

ಅವನಿಗೆ ಚಿಕ್ಕಂದಿನಿಂದ ಇರುಳುಗುರುಡು. ಸಂಜೆ ಆಟದಿಂದ ಮನೆಗೆ ಬರುವಾಗ ನನ್ನ ಲಂಗದ ಅಂಚು ಹಿಡಿದುಕೊಂಡೇ ಬರುತ್ತಿದ್ದ. ನಡುವಯಸ್ಸಿನಲ್ಲಿ ಹಗಲಿನ ದೃಷ್ಟಿಯೂ ಅಂಚಿನಿಂದ ಒಳಕ್ಕೆ ಸವೆಯತೊಡಗಿತು. ಇದಕ್ಕೆ ಮದ್ದಿಲ್ಲ, ನಿಧಾನವಾಗಿ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂಬುದನ್ನು ಅಣ್ಣ ಯಾರಿಗೂ ಹೇಳಲಿಲ್ಲ. ಕೇಳಿದರೆ, "ಕಾಣ್ಸತ್ತೆ ಬುಡೇ" ಎಂದು ಮಾತು ತೇಲಿಸಿಬಿಡುತ್ತಿದ್ದ.

ದಸರೆ ರಜೆಯಲ್ಲಿ ಒಂದು ದಿನ ಅವನು ಜಗಲಿಯಲ್ಲಿ ಕೂತು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ.

"ಮಂಗಳಾ, ಇಲ್ನೋಡೇ."

ಹೊರದೇಶದಲ್ಲಿರುವ ಅವನ ಹಳೆಯ ವಿದ್ಯಾರ್ಥಿಯೊಬ್ಬ ಕಳಿಸಿದ್ದ ವಿಡಿಯೋ. ಎತ್ತರದ ಮರಗಳ ಕಾಡು, ನಡುವೆ ಗೋಡೆಯಂತೆ ಎದ್ದ ಮರಳುಗಲ್ಲಿನ ಬಂಡೆಗಳು, ಒಂದು ಬಂಡೆಯ ನೆತ್ತಿಯಲ್ಲಿ ಅರ್ಧ ಕುಸಿದ ಕೋಟೆ. ಬುಡದಲ್ಲಿ ಜಲ್ಲಿಯ ದಾರಿ. ಅಲ್ಲಿ ದಪ್ಪ ಟಯರಿನ ಸೈಕಲ್ಲುಗಳ ಮೇಲೆ ಜನ ಹೋಗುತ್ತಿದ್ದರು. ಅವರಲ್ಲಿ ಒಂದು ಜೋಡಿ ಒಂದೇ ಸೈಕಲ್ಲಿನ ಮೇಲೆ ಹಿಂದೆ ಮುಂದೆ ಕೂತು ತುಳಿಯುತ್ತಿತ್ತು.

"ಇದಕ್ಕೋಸ್ಕರ ಅಷ್ಟು ದೂರ ಹೋಗ್ಬೇಕೇನೇ? ನಮ್ಮ ಬಾದಾಮಿ ಇಲ್ವಾ? ಅದೂ ಮರಳುಗಲ್ಲೇ. ಕೋಟೆ ಬೇಕಾ, ಗುಡ್ಡಕ್ಕೊಂದಿದೆ. ನಾವಿಬ್ರೂ ಹೋಗೋಣ. ನೀನು ಮುಂದೆ, ನಾನು ಹಿಂದೆ."

"ನಂಗೆ ಶಾಲೆ ಇದೆ ಕಣೋ."

"ಡಿಸೆಂಬರಲ್ಲಿ ರಜ ಹಾಕು. ಜನವರೀಲಿ ಹುಡುಗ್ರನ್ನ ಕರ್ಕೊಂಡು ಹೋಗೋದಿದೆ. ಅದಕ್ಮುಂಚೆ ನಾನೊಂದ್ಸಲ ನೋಡ್ಕೊಂಡು ಬರ್ಬೇಕು."

ಪ್ರತಿ ವರ್ಷ ಅವನು ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದೊಯ್ದು ಬಂಡೆ ಹತ್ತಿಸಿ ಪಾಠ ಹೇಳುತ್ತಿದ್ದ. ಅವನ ಇಡೀ ವರ್ಷ ಆ ಪ್ರವಾಸದ ಮೇಲೆ ನಿಂತಿರುತ್ತಿತ್ತು.

ಚಾಮರಾಜಪುರಂನ ಸೈಕಲ್ ಅಂಗಡಿಯ ಪುಟ್ಟಸ್ವಾಮಿ, ಯಾರೋ ಕೊಂಡು ಬಳಸದೆ ಬಿಟ್ಟಿದ್ದ, ಇಬ್ಬರು ತುಳಿಯುವ ಒಂದು ಜೋಡಿ ಸೈಕಲ್ಲನ್ನು ಹುಡುಕಿ ತಂದ. ತುಕ್ಕು ಉಜ್ಜಿ, ಹೊಸ ಚೈನು ಹಾಕಿ, ಜಲ್ಲಿಯ ಮೇಲೆ ಓಡುವಂಥ ಅಗಲದ ಟಯರು ಕೂಡಿಸಿದ. "ಮೇಡಂ, ಇದು ತಿರುಗೋವಾಗ ಎತ್ತಿನಗಾಡಿ ಅಂಗೇ ತಿರುಗ್ತದೆ. ದೂರದಿಂದ್ಲೇ ತಯಾರಾಗ್ಬೇಕು" ಎಂದ. ಮೊದಲ ದಿನ ಅಂಗಡಿಯ ಮುಂದೆಯೇ ಇಬ್ಬರೂ ಬಿದ್ದೆವು. ಅತ್ತಿಗೆ ನನ್ನ ಮೊಣಕೈಗೆ ಅರಿಶಿನ ಹಚ್ಚಿದರು.

ಆಮೇಲೆ ಶುರುವಾಯಿತು. ಬೆಳಗ್ಗೆ ಎದ್ದು ಸೈಕಲ್ಲು ತೆಗೆದು, ಬಸ್ಸುಗಳು ಹೆಚ್ಚುವ ಮುಂಚೆ ಊರು ದಾಟಿ ಹಿನಕಲ್ಲಿನ ಆಚೆಗೆ. ಅಲ್ಲಿ ಆಗ ಹೊಲಗಳನ್ನು ಸೈಟು ಮಾಡಿ ಕಲ್ಲು ನೆಟ್ಟಿದ್ದರು, ಮನೆ ಎದ್ದಿರಲಿಲ್ಲ. ಜಲ್ಲಿ ಹರಡಿದ ದಾರಿಗಳು ಎಲ್ಲಿಗೂ ಹೋಗದೆ ಒಂದನ್ನೊಂದು ಸುತ್ತುತ್ತಿದ್ದವು. ಹಿಂದಿನ ಸೀಟಿನಿಂದ ಅಣ್ಣ ನಿಲ್ಲಿಸದೆ ಹೇಳುತ್ತಿದ್ದ: "ಎಡಕ್ಕೆ ಗುಂಡಿ. ಬಲಕ್ಕೆ ಬಾ. ಮುಂದೆ ಕಲ್ಲಿದೆ ನೋಡು." ನನ್ನ ಭುಜದಾಚೆಗೆ ಅವನಿಗೆ ಕಾಣುತ್ತದೆ ಎಂದು ಮೊದಲು ನಂಬಿದ್ದೆ. ಕೆಲವು ದಿನಗಳಲ್ಲಿ ಗೊತ್ತಾಯಿತು, ಅವನು ಹೇಳಿದ ಕಡೆ ಕಲ್ಲೇ ಇರುತ್ತಿರಲಿಲ್ಲ. ಇದ್ದ ಕಲ್ಲಿನ ಬಗ್ಗೆ ಅವನು ಹೇಳುತ್ತಿರಲಿಲ್ಲ. ಆದರೂ ಅವನು ಕೂಗಿದಾಗಲೆಲ್ಲ ನನ್ನ ಕೈ ತಾನಾಗಿಯೇ ತಿರುಗುತ್ತಿತ್ತು. ಅವನು ಹಿಂದಿನಿಂದ ತನಗೆ ತೋಚಿದ ಕಡೆಗೆ ಮೈ ವಾಲಿಸುತ್ತಿದ್ದ. ಇಬ್ಬರ ಭಾರವನ್ನೂ ನಾನು ಹ್ಯಾಂಡಲ್ಲಿನಲ್ಲಿ ಎಳೆದು ನೇರ ಮಾಡಬೇಕಿತ್ತು. ಮನೆಗೆ ಬಂದು ಸ್ನಾನ ಮಾಡಿ ಶಾಲೆಗೆ ಹೋದರೆ ವಿಸಿಲ್ ಊದುವುದಕ್ಕೂ ಉಸಿರಿರುತ್ತಿರಲಿಲ್ಲ. ಅದು ಕ್ರೀಡಾಕೂಟಗಳ ಕಾಲ ಬೇರೆ. ಮೈದಾನದಲ್ಲಿ ನಿಂತೇ ತೂಕಡಿಸಿದ್ದಿದೆ.

ಒಂದು ಭಾನುವಾರ ಟೆರೇಸಿನಲ್ಲಿ ನಾನು ಕೆಸರಾದ ಬಟ್ಟೆ ಹರವುತ್ತಿದ್ದಾಗ ಅತ್ತಿಗೆ ಬಂದು ಹಗ್ಗದ ಇನ್ನೊಂದು ತುದಿಯಲ್ಲಿ ನಿಂತರು.

"ಮಂಗಳಾ, ಒಂದು ಕೇಳ್ತೀನಿ. ಅವರಿಗೆ ಎಷ್ಟು ಕಾಣ್ಸತ್ತೆ?"

"ನಿಮಗೇ ಗೊತ್ತಿಲ್ವಾ ಅತ್ತಿಗೆ?"

"ಇಲ್ಲ ಕಣಮ್ಮ. ನನ್ನ ಹತ್ರ ಅವ್ರು ನಾಟಕದವ್ರ ಥರ ಇರ್ತಾರೆ. ತಟ್ಟೇಲಿ ಯಾವುದು ಎಲ್ಲಿದೆ ಅಂತ ಗೊತ್ತಾಗ್ಲಿ ಅಂತ ನಾನು ದಿನಾ ಅದೇ ಜಾಗದಲ್ಲಿ ಬಡಿಸ್ತೀನಿ, ಅವ್ರು ಕಂಡೋರ ಥರ ಊಟ ಮಾಡ್ತಾರೆ. ಹೊಸ ಸೀರೆ ಉಟ್ರೆ ಚೆನ್ನಾಗಿದೆ ಅಂತಾರೆ. ಉಟ್ಟಿರೋದು ಹಳೇದೇ ಆದ್ರೂ ಹಾಗೇ ಅಂತಾರೆ." ಅತ್ತಿಗೆ ಒಂದು ಕ್ಲಿಪ್ಪನ್ನು ಹಾಕಿ ತೆಗೆದು ಮತ್ತೆ ಹಾಕಿದರು. "ಕಾಲೇಜಲ್ಲೂ ಹೇಳಿಲ್ಲ. ಪಾಠ ಎಲ್ಲ ಬಾಯಲ್ಲೇ ಇದೆ, ನಡೆಯತ್ತೆ. ಆದ್ರೆ ಜನವರೀಲಿ ಆ ಹುಡುಗ್ರನ್ನ ಬಂಡೆ ಹತ್ತಿಸ್ತಾರಲ್ಲ? ಯಾರದೋ ಮಕ್ಕಳು. ಒಂದು ಕಾಲು ಜಾರಿದ್ರೆ?"

"ನೀವೇ ಕೇಳಿ ನೋಡಿ."

"ಕೇಳಿ ಸಾಕಾಗಿದೆ. ನೀನು ಅಲ್ಲಿ ಜೊತೇಲಿರ್ತೀಯ. ನೋಡ್ಕೊಂಡು ಬಂದು ನನಗೆ ನಿಜ ಹೇಳು."

ಹೀಗೆ ಆ ಸವಾರಿ ನನಗೆ ಬೇಹುಗಾರಿಕೆಯಾಯಿತು. ಹೋಗುವುದು ಬೇಡ ಎನ್ನಬಹುದಿತ್ತು. ಹಾಗೆನ್ನಲೂ ಶಕ್ತಿ ಇರಲಿಲ್ಲ.

ಸೈಕಲ್ಲಿನ ಚಕ್ರ ಬಿಚ್ಚಿ, ಗೋಣಿ ಸುತ್ತಿ, ರೈಲಿನ ಸಾಮಾನು ಡಬ್ಬಿಗೆ ಹಾಕಿಸಿ ಹೊರಟೆವು. ಬಾದಾಮಿಯಲ್ಲಿ ಇಳಿದಾಗ ಎಳೆ ಬಿಸಿಲು ಬಂಡೆಗಳ ಮೇಲೆ ಬಿದ್ದಿತ್ತು. ಚಾಮುಂಡಿ ಬೆಟ್ಟದ ದುಂಡು ಬೆನ್ನು ನೋಡಿ ಬೆಳೆದ ಕಣ್ಣಿಗೆ ಆ ಗುಡ್ಡಗಳು ಕತ್ತಿಯಿಂದ ಕೊಯ್ದ ಹಾಗಿದ್ದವು. ನೆತ್ತಿ ಚಪ್ಪಟೆ, ಪಕ್ಕ ಕಡಿದಾದ ಗೋಡೆ, ಗೋಡೆಯ ತುದಿಯಲ್ಲಿ ಯಾವುದು ಬಂಡೆ ಯಾವುದು ಕೋಟೆ ಎಂದು ಹೇಳಲಾಗದಂತೆ ಜೋಡಿಸಿದ ಕಲ್ಲುಗಳು.

ಮೊದಲ ದಿನ ಮಹಾಕೂಟದ ಕಡೆಗೆ ಹೋದೆವು. ಊರು ಬಿಟ್ಟ ಮೇಲೆ ಕುರುಚಲು ಕಾಡು, ಕೆಂಪು ಮರಳು, ಉರುಟು ಜಲ್ಲಿ. ಏರಿನಲ್ಲಿ ಇಳಿದು ತಳ್ಳಿದೆವು. ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ನನ್ನ ಬೆರಳು ಮರಗಟ್ಟಿದವು. ಆದರೆ ಅಣ್ಣನ ಬಾಯಿಗೆ ಜೀವ ಬಂದಿತ್ತು.

"ಈಗ ಬಲಕ್ಕೆ ನೋಡು. ಹಡಗಿನ ಮೂತಿ ಥರ ಒಂದು ಬಂಡೆ ಮುಂದಕ್ಕೆ ಚಾಚಿದೆ."

ಚಾಚಿತ್ತು.

"ಅದರ ಹಿಂದೆ ಎರಡು ಸೀಳು. ಎಡಗಡೇದು ದೊಡ್ಡದು."

ಅದೂ ನಿಜ. ನನಗೆ ಗೊಂದಲವಾಯಿತು. ಇವನಿಗೆ ದೂರದ್ದು ಕಾಣುತ್ತದೆಯೋ, ಇಷ್ಟು ವರ್ಷ ಬಂದು ಬಂದು ಬಾಯಿಪಾಠವಾಗಿದೆಯೋ? ಸಂಜೆ ಅತ್ತಿಗೆ ಫೋನು ಮಾಡಿದಾಗ, "ಇನ್ನೂ ಗೊತ್ತಾಗ್ತಿಲ್ಲ ಅತ್ತಿಗೆ" ಎಂದು ಪಿಸುದನಿಯಲ್ಲಿ ಹೇಳಿದೆ. ಹಾಸಿಗೆಗೆ ಬಿದ್ದದ್ದೊಂದೇ ಗೊತ್ತು.

ಎರಡನೆಯ ದಿನ, ಅವನು ಜನವರಿಯಲ್ಲಿ ಹುಡುಗರನ್ನು ಹತ್ತಿಸಬೇಕೆಂದಿದ್ದ ಗುಡ್ಡಕ್ಕೆ ಹೊರಟೆವು. ಅದರ ನೆತ್ತಿಯಲ್ಲಿ ಪ್ರವಾಸಿಗರು ಯಾರೂ ಬಾರದ ಒಂದು ಹಾಳು ಕೋಟೆ. ಬುಡದ ಹಳ್ಳಿಯಲ್ಲಿ ಜಾಲಿಮುಳ್ಳು ಚುಚ್ಚಿ ಹಿಂದಿನ ಟಯರು ಪಂಕ್ಚರಾಯಿತು. ನಾನು ರಿಪೇರಿಗೆ ಕೂತೆ. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದಿಟ್ಟಳು.

"ಯಾವೂರವ್ರಿ?"

"ಮೈಸೂರು ಅಜ್ಜಿ."

"ಅಷ್ಟು ದೂರದಿಂದ ಸೈಕಲ್ ತುಳಕೋಂತ ಬಂದ್ರೇನ್ರಿ?"

"ಇಲ್ಲ, ರೈಲಲ್ಲಿ ತಂದ್ವಿ."

ಅಜ್ಜಿ ಎದ್ದು ಹೋಗಿ ಸೈಕಲ್ಲನ್ನು ಸುತ್ತಲೂ ನೋಡಿ ಬಂದಳು. "ಮುಂದ ಕುಂತವ್ರಿಗೆ ದಾರಿ ಕಾಣ್ತೈತಿ. ಹಿಂದ ಕುಂತವ್ರಿಗೆ ಏನ್ ಕಾಣ್ತೈತ್ರಿ? ನಿಮ್ಮ ಬೆನ್ನಷ್ಟ."

ನಾನು ನಕ್ಕೆ. ಅಣ್ಣ ನಗಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತ್ತು.

ಅಲ್ಲಿಂದ ಮೇಲೆ ದಾರಿ ಕೆಟ್ಟಿತ್ತು. ಗುಡ್ಡದ ಮಗ್ಗುಲಲ್ಲಿ ಏರುತ್ತ ಹೋಗಿ, ಒಂದು ತಿರುವಿನಲ್ಲಿ ಗಾಳಿ ತಂದು ಪೇರಿಸಿದ ಮರಳಿಗೆ ಮುಂದಿನ ಚಕ್ರ ಹೂತು, ಇಬ್ಬರೂ ಮಗುಚಿಕೊಂಡೆವು. ಪೆಟ್ಟೇನೂ ಆಗಲಿಲ್ಲ. ನನ್ನ ಕಾಲು ಸೈಕಲ್ಲಿನಡಿ ಸಿಕ್ಕಿತ್ತು. ಅಣ್ಣ ಎದ್ದು, ಪ್ಯಾಂಟು ಕೊಡವಿಕೊಂಡು, "ಏನಿಲ್ಲ, ಏನಿಲ್ಲ" ಎನ್ನುತ್ತಾ ನಡೆಯತೊಡಗಿದ. ದಾರಿಯ ಕಡೆಗಲ್ಲ. ಬಂಡೆಯ ಅಂಚಿನ ಕಡೆಗೆ.

ಬಿಸಿಲು ನೇರ ಬಿದ್ದಿತ್ತು. ಅಂಚು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರಾಚೆ ಬರೀ ಗಾಳಿ, ಕೆಳಗೆ ಹೊಲಗಳು. ಅವನು ತನ್ನ ಮನೆಯ ಹಜಾರದಲ್ಲಿ ನಡೆದ ಹಾಗೆ ನಡೆಯುತ್ತಿದ್ದ.

"ಅಣ್ಣ, ನಿಲ್ಲು."

ನನ್ನ ದನಿಯಲ್ಲಿ ಏನಿತ್ತೋ, ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕಿಟ್ಟ. ಕಾಲಿನಿಂದ ಸಿಡಿದ ಕಲ್ಲೊಂದು ಉರುಳಿ ಅಂಚು ದಾಟಿ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಲು ತುಂಬ ಹೊತ್ತು ಹಿಡಿಯಿತು. ಆ ಸದ್ದನ್ನು ಅವನೂ ಕೇಳಿದ.

"ಗೊತ್ತಿತ್ತು," ಎಂದ ಅಣ್ಣ. "ನೋಡ್ತಿದ್ದೆ."

ನಾನು ಕಾಲು ಬಿಡಿಸಿಕೊಂಡು ಹೋಗಿ, ಅವನ ತೋಳು ಹಿಡಿದು ಈಚೆ ತಂದೆ. ನೆರಳಿದ್ದ ಒಂದು ಬಂಡೆಗೆ ಅವನನ್ನು ಒರಗಿಸಿ, ಪಕ್ಕದಲ್ಲಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟೆ. ಅದು ಭಯವೋ ಆಯಾಸವೋ ತಿಳಿಯುತ್ತಿರಲಿಲ್ಲ. ಅತ್ತಿಗೆಗೆ ಹೇಳಬೇಕಾದ ನಿಜ ಸಿಕ್ಕಿತ್ತು. ಅದನ್ನು ಹೊತ್ತುಕೊಂಡು ಎದ್ದೇಳಲು ಮನಸ್ಸಾಗಲಿಲ್ಲ.

ಅಣ್ಣನ ಕೈ ಬಂಡೆಯ ಮೇಲೆ ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನ ಪಾಠದ ದನಿ ಕೇಳಿತು.

"ಮಂಗಳಾ, ಇಲ್ಲಿ ಕೈ ಇಡು. ಏರು, ತಗ್ಗು, ಏರು, ತಗ್ಗು. ಅಲೆ ಇದು. ಇಲ್ಲಿ ಒಂದು ಕಾಲಕ್ಕೆ ನೀರಿತ್ತು. ಆಳ ಇಲ್ಲದ ನೀರು. ಅದು ಹರಿದಾಡಿ ಮರಳಿನ ಮೇಲೆ ಗೆರೆ ಬಿಟ್ಟು ಹೋಯ್ತು. ಮೇಲೆ ಇನ್ನಷ್ಟು ಮರಳು ಬಂದು ಮುಚ್ಚಿತು. ಎಲ್ಲ ಕಲ್ಲಾಯ್ತು. ಮನುಷ್ಯ ಇಲ್ಲ, ಮೀನಿಲ್ಲ, ಹುಲ್ಲಿಲ್ಲ, ಆವಾಗಿನ ಒಂದು ಸಾಧಾರಣ ಮಧ್ಯಾಹ್ನದ ನೀರು ನಿನ್ನ ಬೆರಳಿಗೆ ಸಿಗ್ತಿದೆ."

ಮಲಗಿದ್ದಲ್ಲಿಂದಲೇ ತಲೆ ಹೊರಳಿಸಿ ನೋಡಿದೆ. ಅವನ ಬೆರಳಿನಡಿ ಇದ್ದದ್ದು ಉಳಿಯ ಗುರುತುಗಳು. ಒಂದರ ಪಕ್ಕ ಒಂದು, ಒಂದೇ ಓರೆಯಲ್ಲಿ ಕಡಿದ ಗೆರೆಗಳು. ಕೊನೆಯಲ್ಲಿ ಕಲ್ಲು ಸೀಳಲು ಕೊರೆದ ಚೌಕ ತೂತುಗಳ ಸಾಲು. ಕೋಟೆ ಕಟ್ಟಲು ಯಾರೋ ಅಲ್ಲಿಂದ ಕಲ್ಲು ತೆಗೆದಿದ್ದರು.

ಅವನು ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಜನವರಿಯಲ್ಲಿ ಹುಡುಗರು ಇದೇ ಬಂಡೆಯ ಸುತ್ತ ನಿಲ್ಲುತ್ತಾರೆ. ಅವನು ಇದೇ ಮಾತು ಹೇಳುತ್ತಾನೆ. ಹಿಂದೆ ನಿಂತ ಯಾರೋ ಒಬ್ಬರು ಮೊದಲು ನಗುತ್ತಾರೆ, ಆಮೇಲೆ ಎಲ್ಲರಿಗೂ ತಿಳಿಯುತ್ತದೆ. ಅವನಿಗೆ ಅದು ಮೊದಲು ನನ್ನಿಂದಲೇ ತಿಳಿಯಲಿ ಎನಿಸಿತು.

"ಅಣ್ಣ, ಅದು ಅಲೆ ಅಲ್ಲ. ಉಳಿ ಹೊಡೆದಿರೋ ಗುರುತು."

ಅವನ ಕೈ ನಿಂತಿತು. ಮತ್ತೆ ನಿಧಾನವಾಗಿ ಗೆರೆಗಳ ಮೇಲೆ ಹೋಗಿ, ಚೌಕ ತೂತು ಸಿಕ್ಕಿ, ಅದರೊಳಗೆ ಒಂದು ಬೆರಳು ಇಳಿಯಿತು. ಎಲ್ಲೋ ಕುರಿ ಮೇಯಿಸುವವರು ಕೂಗಿಕೊಳ್ಳುವುದು ಕೇಳುತ್ತಿತ್ತು.

"ಎಷ್ಟು ಕಾಣ್ಸತ್ತೆ ನಿನಗೆ?" ಎಂದೆ.

"ಬೆಳಕು ಕಾಣ್ಸತ್ತೆ. ನಡುವೆ ಒಂದು ಕಡಲೆಕಾಳಿನಷ್ಟು ಜಾಗ ಇದೆ. ಅದರಲ್ಲೂ ಮಂಜು." ಬೆರಳನ್ನು ತೂತಿನಿಂದ ತೆಗೆದು ಹೇಳಿದ, "ನಿನ್ನೆ ಹೇಳಿದ್ನಲ್ಲ ಹಡಗು, ಸೀಳು, ಅದ್ಯಾವುದೂ ಕಾಣ್ಲಿಲ್ಲ ಕಣೇ. ದಾರೀಲಿ ಎಷ್ಟು ಏರು ಬಂತು ಅಂತ ಲೆಕ್ಕ ಹಾಕಿ, ನೆನಪಿಂದ ಹೇಳಿದೆ."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಕಾಣ್ಸೋದೂ ನಿಂತೋಗ್ಬುಡತ್ತೇನೋ ಅನ್ನಿಸ್ತಿತ್ತು." ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. "ಬೆಳಗ್ಗೆ ಎದ್ದಾಗಿಂದ ಕಾಣೋನ ಥರ ಇರ್ಬೇಕು. ಕಾಲೇಜಲ್ಲಿ, ಮನೇಲಿ, ಸೈಕಲ್ ಮೇಲೆ. ಸುಸ್ತಾಗ್ಬುಟ್ಟಿದೆ ಮಂಗಳಾ."

"ನಂಗೂ ಅಷ್ಟೇ ಕಣೋ," ಎಂದೆ. ಅಷ್ಟು ಹೇಳಿದ್ದಕ್ಕೆ ಅಳು ಬಂತು. ಮಲಗಿಯೇ ಇದ್ದುದರಿಂದ ನೀರು ಕಿವಿಗೆ ಇಳಿಯಿತು. ಅವನಿಗೆ ಅದು ಕಾಣದು. ಆದರೆ ಕೈ ಚಾಚಿ ನನ್ನ ತಲೆ ಹುಡುಕಿ ಸವರಿದ. ಮರಳು ಅಂಟಿದ ಕೈ.

"ಏನು ಕಾಣ್ಸತ್ತೆ ಅಲ್ಲಿಂದ? ಹೇಳು ನೋಡೋಣ," ಎಂದ ಆಮೇಲೆ.

ನನಗೆ ವರ್ಣಿಸಿ ಗೊತ್ತಿಲ್ಲ. "ಬಂಡೆ ಇದೆ. ಕೆಂಪಗಿದೆ."

"ಯಾವ ಕೆಂಪು?"

"ಹಳೇ ಬೆಲ್ಲದ ಅಚ್ಚು ಒಡೆದ್ರೆ ಒಳಗಡೆ ಇರತ್ತಲ್ಲ, ಹಾಗೆ."

"ಪದರ ಅಡ್ಡಕ್ಕಿದೆಯಾ, ಓರೆಗಿದೆಯಾ?"

"ಕೆಳಗಡೆ ಅಡ್ಡಕ್ಕೆ. ಮೇಲೆ ಓರೆ."

"ಹಾಂ," ಎಂದು ತಲೆಯಾಡಿಸಿದ. "ಮೇಲಿಂದು ನದಿ ದಿಕ್ಕು ತಿರುಗಿದಾಗ ಬಿದ್ದ ಮರಳು. ಕೋಟೆ?"

"ಅರ್ಧ ಇದೆ. ಬಾಗಿಲಲ್ಲಿ ಒಂದು ಆಲದ ಗಿಡ ಹುಟ್ಟಿದೆ. ಆಡು ನಿಂತಿದೆ ಅದರ ಮುಂದೆ."

ಕೋಟೆಗೆ ನಾವು ಹತ್ತಲಿಲ್ಲ. ಬಿಸಿಲು ವಾಲುವವರೆಗೆ ಅವನು ಕೇಳಿದ, ನಾನು ಹೇಳಿದೆ. ಆಮೇಲೆ ಸೈಕಲ್ಲು ತಿರುಗಿಸಿ ಇಳಿದೆವು. ಕೆಳಗಿನವರೆಗೂ ಅವನು ಎಡ ಬಲ ಎನ್ನಲಿಲ್ಲ, ಮೈ ವಾಲಿಸಲಿಲ್ಲ. ನಾನು "ಗುಂಡಿ" ಎಂದಾಗ ಸೀಟಿನಿಂದ ಸ್ವಲ್ಪ ಏಳುತ್ತಿದ್ದ, ಅಷ್ಟೇ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹ್ಯಾಂಡಲ್ಲು ನನ್ನ ಕೈಯಲ್ಲಿ ಹಗುರವಾಗಿ ನಿಂತಿತ್ತು.

ಮುಂದೆ ಆದದ್ದನ್ನು ಬೇಗ ಹೇಳಿಬಿಡಬಹುದು. ಅಣ್ಣ ಕಾಲೇಜಿಗೆ ಹೋಗಿ ತಾನೇ ಹೇಳಿದ. ಆ ಜನವರಿಯಲ್ಲಿ ಹುಡುಗರನ್ನು ಕಿರಿಯ ಅಧ್ಯಾಪಕರೊಬ್ಬರು ಕರೆದೊಯ್ದರು. ಅವರು ಹೋದ ದಿನ ಅಣ್ಣ ಊಟ ಬಿಟ್ಟು ಮಲಗಿದ್ದ. ಬಿಳಿಕೋಲು ಹಿಡಿಯುವುದನ್ನು ಕಲಿಯಲು ವರ್ಷವೇ ಬೇಕಾಯಿತು. ಕೋಪ ಮಾಡಿಕೊಂಡ, ಎಸೆದ, ಮತ್ತೆ ಹಿಡಿದ. ಈಗ ಕೋಲು ತಟ್ಟುತ್ತಾ ಒಬ್ಬನೇ ಕಾಲೇಜಿಗೆ ಹೋಗಿ ಬರುತ್ತಾನೆ. ನಾವು ಮತ್ತೆ ಬಾದಾಮಿಗೆ ಹೋಗಲಿಲ್ಲ. ನನ್ನ ಮೊಣಕಾಲಿಗೆ ಆಗದು.

ಆದರೆ ನನ್ನ ಪಾಲಿಗೆ ಆ ಕಾಲ ಮುಗಿದದ್ದು ನಾವು ಮೈಸೂರಿಗೆ ವಾಪಸಾದ ಬೆಳಗ್ಗೆ, ಸ್ಟೇಷನ್ನಿನಲ್ಲಿ. ದಾರಿಯುದ್ದಕ್ಕೂ ನಾನು ಅತ್ತಿಗೆಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಯೋಚಿಸುತ್ತಲೇ ಇದ್ದೆ. ಅವರು ನಮ್ಮನ್ನು ಕರೆದೊಯ್ಯಲು ಬಂದಿದ್ದರು. ಇಳಿದವರ ನೂಕುನುಗ್ಗಲು ಕರಗಿದಾಗ ಅವರು ಅಣ್ಣನ ಎದುರಿಗೇ, ಕೈಗೆಟಕುವ ದೂರದಲ್ಲಿ ನಿಂತಿದ್ದರು. ಎಂದಿನಂತೆ ಅವನು ತಮ್ಮ ದನಿಗಾಗಿ ಕಾದು, ಆಮೇಲೆ ಕಂಡವನಂತೆ ನಗುವುದನ್ನು ಅವರು ನಿರೀಕ್ಷಿಸುತ್ತಿದ್ದರೆಂದು ತೋರುತ್ತದೆ. ಅದಕ್ಕೇ "ಬಂದ್ರಾ" ಎನ್ನಲು ಬಾಯಿ ತೆರೆದರು.

ಅವರು ಮಾತಾಡುವ ಮೊದಲೇ ಅಣ್ಣ ನನ್ನ ತೋಳು ಬಿಟ್ಟು ನಿಂತ. ಅಷ್ಟು ಜನರ ನಡುವೆ, ದನಿ ತಗ್ಗಿಸದೆ ಕೇಳಿದ:

"ಗಾಯತ್ರೀ, ಎಲ್ಲಿದ್ದೀಯೇ? ನಂಗೆ ಕಾಣ್ಸ್ತಿಲ್ಲ."

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಕೈಚೀಲವನ್ನು ನೆಲದ ಮೇಲಿಟ್ಟರು. ಅವನ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕೆನ್ನೆಗಿಟ್ಟುಕೊಂಡರು.

"ಇಲ್ಲೇ ಇದ್ದೀನಿ ಕಣ್ರೀ," ಎಂದರು.